‘ಯಾರಿಗೂ ಹೇಳಬೇಡಿ’ ಎಂದರೆ ಮೊದಲು ಮನೆಯಲ್ಲಿ ಹೇಳಿ

ಬೆಳಗಿನ ಹೊತ್ತು ದೇವಸ್ಥಾನಕ್ಕೆಂದು ಹೊರಟ ಅಜ್ಜಿಯನ್ನು ಬೈಕಿನಲ್ಲಿ ಬಂದ ಇಬ್ಬರು ನಿಲ್ಲಿಸುತ್ತಾರೆ. ಗಿಡ್ಡ ಕ್ರಾಪು, ಗಂಭೀರ ಮುಖ, ಕಣ್ಣಿಗೆ ಕಂಡೂ ಕಾಣದಂತೆ ತೋರಿಸಿ ಜೇಬಿಗಿಳಿಸುವ ಗುರುತಿನ ಚೀಟಿ. ‘ಅಮ್ಮಾ, ನಾವು ಪೊಲೀಸರು. ಮುಂದಿನ ಬೀದಿಯಲ್ಲಿ ರಾತ್ರಿ ಕೊಲೆ ಆಗಿದೆ. ಇಷ್ಟೊಂದು ಒಡವೆ ಹಾಕ್ಕೊಂಡು ಒಬ್ಬರೇ ಬರೋದಾ? ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿ ಚೀಲದೊಳಗೆ ಇಟ್ಕೊಳ್ಳಿ.’ ಅಜ್ಜಿಯ ಕೈ ನಡುಗುತ್ತಿರುವುದನ್ನು ಕಂಡು ಅವರೇ ಗಂಟು ಕಟ್ಟಿಕೊಡುತ್ತಾರೆ. ‘ತಿರುಗಿ ನೋಡದೆ ಮನೆಗೆ ಹೋಗಿ, ದಾರೀಲಿ ಯಾರ ಹತ್ರಾನೂ ಮಾತಾಡಬೇಡಿ’ ಎಂದೂ ಹೇಳುತ್ತಾರೆ. ಮನೆಗೆ ಬಂದು ಗಂಟು ಬಿಚ್ಚಿದರೆ ಒಳಗೆ ನಾಲ್ಕು ಜಲ್ಲಿ ಕಲ್ಲು.

‘ಪೊಲೀಸರ ಸೋಗಿನಲ್ಲಿ ಚಿನ್ನಾಭರಣ ದೋಚಿದರು’ ಎಂಬ ತಲೆಬರಹ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ದಶಕಗಳಿಂದ ಬರುತ್ತಲೇ ಇದೆ. ಇಂದು ‘ಡಿಜಿಟಲ್ ಅರೆಸ್ಟ್’ ಹೆಸರಿನಲ್ಲಿ ಫೋನಿಗೆ ಬಂದಿರುವುದೂ ಇದೇ ಪ್ರಸಂಗ, ವೇಷ ಮಾತ್ರ ಬೇರೆ. ಬೈಕಿನ ಜಾಗದಲ್ಲಿ ವಿಡಿಯೊ ಕರೆ, ಗುರುತಿನ ಚೀಟಿಯ ಜಾಗದಲ್ಲಿ ಸಿಂಹಮುದ್ರೆಯ ನಕಲಿ ವಾರಂಟು, ಕರ್ಚೀಫಿನ ಜಾಗದಲ್ಲಿ ‘ರಿಸರ್ವ್ ಬ್ಯಾಂಕಿನ ಪರಿಶೀಲನಾ ಖಾತೆ’. ಲೂಟಿಯ ಅಳತೆಯಂತೂ ಹೋಲಿಕೆಗೆ ನಿಲ್ಲದಷ್ಟು ಬೆಳೆದಿದೆ. ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ 2024ರಲ್ಲಿ ದೇಶದ ಜನ ಸೈಬರ್ ವಂಚಕರ ಪಾಲು ಮಾಡಿದ ಹಣ ಸುಮಾರು 22,845 ಕೋಟಿ ರೂಪಾಯಿ. ಅದರ ಹಿಂದಿನ ವರ್ಷ ಇದು 7,465 ಕೋಟಿ ಇತ್ತು.

ವಂಚನೆಗಳ ಪಟ್ಟಿ ಮಾಡಿ ಬಾಯಿಪಾಠ ಮಾಡುವುದು ಆಗದ ಕೆಲಸ. ಇವತ್ತಿನ ಪಟ್ಟಿ ಮುಂದಿನ ತಿಂಗಳಿಗೆ ಹಳತಾಗುತ್ತದೆ. ಆದರೆ ಬೀದಿಯ ಮೋಸವನ್ನೂ ಫೋನಿನ ಮೋಸವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹಣ ಕೈಬಿಡುವ ತನಕ ನೀವು ಬೇರೆ ಯಾರೊಂದಿಗೂ ಮಾತಾಡದಂತೆ ನೋಡಿಕೊಳ್ಳುವುದೇ ವಂಚಕನ ಅರ್ಧ ಕೆಲಸ. ಅವನು ಮತ್ತು ನೀವು, ಇಬ್ಬರೇ ಇರಬೇಕು. ಮೂರನೆಯವರು ಬಂದರೆ ಆಟ ಕೆಟ್ಟಿತು. ಆ ಮೂರನೆಯವರು ಬುದ್ಧಿವಂತರಾಗಿರಬೇಕೆಂದೇನೂ ಇಲ್ಲ. ಎದುರುಮನೆಯವರಾಗಲಿ, ಕಾಲೇಜಿಗೆ ಹೋಗುವ ಮೊಮ್ಮಗಳಾಗಲಿ, ‘ಅದ್ಯಾರು ಫೋನಲ್ಲಿ?’ ಎಂದು ಕೇಳಿದರೆ ಸಾಕು. ಆ ಭಯವಾಗಲಿ ಆಸೆಯಾಗಲಿ ಅವರಿಗೆ ಇನ್ನೂ ತಗುಲಿರುವುದಿಲ್ಲ, ಅಷ್ಟೇ ಅವರ ಅರ್ಹತೆ.

ಭಯದ ದಾರಿ

ಡಿಜಿಟಲ್ ಅರೆಸ್ಟ್ ಕರೆ ಸಾಮಾನ್ಯವಾಗಿ ಕೊರಿಯರ್ ಕಂಪನಿಯ ಅಥವಾ ಟೆಲಿಕಾಂ ಪ್ರಾಧಿಕಾರದ ಹೆಸರಿನಲ್ಲಿ ಶುರುವಾಗುತ್ತದೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ಅಥವಾ ನಿಮ್ಮ ಆಧಾರ್ ಬಳಸಿ ಪಡೆದ ಸಿಮ್‌ನಿಂದ ಅಪರಾಧ ನಡೆದಿದೆ ಎನ್ನುತ್ತಾರೆ. ‘ನಾನಲ್ಲ ಸಾರ್’ ಅನ್ನುತ್ತೀರಿ. ‘ನೀವಲ್ಲ ಅಂತ ನಮಗೂ ಗೊತ್ತು ಮೇಡಂ, ಯಾರೋ ನಿಮ್ಮ ದಾಖಲೆ ದುರ್ಬಳಕೆ ಮಾಡಿದ್ದಾರೆ. ಮುಂಬೈ ಪೊಲೀಸರಿಗೆ ಕನೆಕ್ಟ್ ಮಾಡ್ತೀನಿ, ಅವರ ಹತ್ರ ಹೇಳ್ಕೊಳ್ಳಿ’ ಎಂಬ ಸಹಾನುಭೂತಿಯ ಉತ್ತರ ಬರುತ್ತದೆ. ಮೊದಲ ದನಿ ಸಜ್ಜನನದು, ಎರಡನೆಯದು ಗದರಿಸುವ ಅಧಿಕಾರಿಯದು. ಮುಂದಿನದೆಲ್ಲ ವಿಡಿಯೊ ಕರೆಯಲ್ಲಿ. ಸಮವಸ್ತ್ರ, ಹಿಂದೆ ಠಾಣೆಯಂತೆ ಕಾಣುವ ಗೋಡೆ, ವಾಟ್ಸ್ಆ್ಯಪ್‌ಗೆ ಬಂದು ಬೀಳುವ ನ್ಯಾಯಾಲಯದ ‘ಆದೇಶ’. ಕ್ಯಾಮೆರಾ ಆಫ್ ಮಾಡುವಂತಿಲ್ಲ, ಕರೆ ಕಡಿಯುವಂತಿಲ್ಲ, ಮನೆಯವರಿಗೆ ಹೇಳುವಂತಿಲ್ಲ. ಇದು ರಾಷ್ಟ್ರೀಯ ಭದ್ರತೆಯ ಗುಟ್ಟು, ಹೇಳಿದರೆ ಅವರನ್ನೂ ಒಳಗೆ ಹಾಕುತ್ತೇವೆ ಎಂಬ ಬೆದರಿಕೆ. ಕೊನೆಗೆ, ನಿಮ್ಮ ಹಣ ಸ್ವಚ್ಛವೋ ಅಲ್ಲವೋ ಪರಿಶೀಲಿಸಬೇಕು, ಈ ಖಾತೆಗೆ ಹಾಕಿ, ಸರಿಯಿದ್ದರೆ ವಾಪಸ್ ಬರುತ್ತದೆ ಎಂಬ ಮಾತು.

ಓದುವಾಗ ನಗು ಬರಬಹುದು. ಆದರೆ 2025ರಲ್ಲಿ ಬೆಳಕಿಗೆ ಬಂದ ಒಂದು ಪ್ರಕರಣದಲ್ಲಿ ಬೆಂಗಳೂರಿನ ಐಟಿ ಉದ್ಯೋಗಿ ಮಹಿಳೆಯೊಬ್ಬರು ತಿಂಗಳುಗಟ್ಟಲೆ ಇಂಥ ನಿಗಾದಲ್ಲಿದ್ದು ಸುಮಾರು 32 ಕೋಟಿ ರೂಪಾಯಿ ಕಳೆದುಕೊಂಡರು. ಓದು ಬರಹ, ಕಂಪ್ಯೂಟರ್ ಜ್ಞಾನ ಯಾವುದೂ ಇಲ್ಲಿ ರಕ್ಷಾಕವಚವಲ್ಲ. ವಂಚಕ ಕೈ ಹಾಕುವುದು ತಂತ್ರಜ್ಞಾನದ ಅರಿವಿಗಲ್ಲ, ಮರ್ಯಾದೆಗೆ. ಕಾನೂನಿಗೆ ತಲೆಬಾಗಿ ಬದುಕಿದವರೇ ‘ಪೊಲೀಸ್ ಕೇಸು’ ಎಂದರೆ ಹೆಚ್ಚು ಬೆದರುತ್ತಾರೆ. ಹತ್ತಾರು ಕೇಸು ಕಂಡವನು ‘ಆಯ್ತು, ಠಾಣೆಗೇ ಬರ್ತೀನಿ’ ಎಂದು ಫೋನಿಟ್ಟಾನು.

ಅಸಲಿ ಬಂಧನ ಹೇಗಿರುತ್ತದೆ ಎಂಬುದು ಗೊತ್ತಿದ್ದರೆ ನಕಲಿ ತಾನಾಗಿಯೇ ಗೊತ್ತಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಬಂಧಿಸುವ ಪೊಲೀಸರು ಬಂಧನದ ಟಿಪ್ಪಣಿ ಬರೆದು ಅದಕ್ಕೆ ಮನೆಯವರ ಅಥವಾ ಊರಿನ ಗಣ್ಯರೊಬ್ಬರ ಸಾಕ್ಷಿ ಸಹಿ ಹಾಕಿಸಬೇಕು. ಬಂಧಿತ ಸೂಚಿಸಿದ ನೆಂಟರಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದ ಈ ನಿಯಮಗಳು ಈಗ ಕಾಯ್ದೆಯ ಭಾಗ. ವಕೀಲರನ್ನು ಕಾಣುವ ಹಕ್ಕನ್ನು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ. ಅಂದರೆ ಅಸಲಿ ಪೊಲೀಸ್ ಕಾನೂನಿನ ಪ್ರಕಾರ ನಿಮ್ಮ ಮನೆಯವರಿಗೆ ಹೇಳಲೇಬೇಕು. ಮನೆಯವರಿಗೆ ಹೇಳಬೇಡ ಎನ್ನುವವನು ಆ ಒಂದು ಮಾತಿನಿಂದಲೇ ತಾನು ಪೊಲೀಸನಲ್ಲವೆಂದು ಒಪ್ಪಿಕೊಂಡ ಹಾಗೆ. ಇಷ್ಟು ನೆನಪಿದ್ದರೆ ಸಮವಸ್ತ್ರದ ಮೇಲಿನ ಪಟ್ಟಿ ಎಣಿಸುವ, ವಾರಂಟಿನ ಕಾಗುಣಿತ ತಿದ್ದುವ ಉಸಾಬರಿಯೇ ಬೇಡ.

2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ ಕಾರ್ಯಕ್ರಮದಲ್ಲಿ ಇಂಥ ಕರೆಯ ಧ್ವನಿಮುದ್ರಣವನ್ನೇ ಕೇಳಿಸಿದರು. ಅದು ನಮ್ಮ ವಿಜಯಪುರದ ಒಬ್ಬರಿಗೆ ಬಂದಿದ್ದ ಕರೆ. ನಿಲ್ಲಿ, ಯೋಚಿಸಿ, ಆಮೇಲೆ ಕ್ರಮ ಕೈಗೊಳ್ಳಿ ಎಂಬುದು ಅಂದಿನ ಸಲಹೆ. ಒಳ್ಳೆಯ ಸಲಹೆಯೇ. ಆದರೆ ಹೆದರಿದ ಮನುಷ್ಯನಿಗೆ ಒಬ್ಬನೇ ಕೂತು ಯೋಚಿಸುವುದು ಕಷ್ಟ. ಯೋಚಿಸುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸುವುದು ಸುಲಭ. ಕರೆ ಕಡಿದು, ಹತ್ತಿರದವರೊಬ್ಬರಿಗೆ ಫೋನ್ ಮಾಡಿ, ಈಗಷ್ಟೇ ಕೇಳಿದ್ದನ್ನು ಬಾಯಿಬಿಟ್ಟು ಹೇಳಿ. ಹೇಳುತ್ತ ಹೋದಂತೆ ಅದರ ಟೊಳ್ಳು ನಿಮಗೇ ಕೇಳಿಸುತ್ತದೆ.

ಭಯದ ದಾರಿಯಲ್ಲಿ ಸಣ್ಣ ಪುಟ್ಟ ಓಣಿಗಳೂ ಇವೆ. ‘ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ 9.30ಕ್ಕೆ ಕರೆಂಟ್ ಕಟ್, ಈ ಅಧಿಕಾರಿಗೆ ಕರೆ ಮಾಡಿ’ ಎಂಬ ಸಂದೇಶವನ್ನು ಕಂಡಕಂಡ ನಂಬರಿಗೆ ಎರಚುತ್ತಾರೆ. ಗೃಹಜ್ಯೋತಿಯ ಶೂನ್ಯ ಬಿಲ್ ಬರುವ ಮನೆಗೂ ಅದು ಬಂದೀತು. ಕೆವೈಸಿ ಮುಗಿದಿದೆ, ಖಾತೆ ಸ್ಥಗಿತವಾಗುತ್ತದೆ ಎಂಬುದು ಇನ್ನೊಂದು. ಮಗ ಅಪಘಾತ ಮಾಡಿ ಠಾಣೆಯಲ್ಲಿದ್ದಾನೆ, ಈಗಲೇ ದುಡ್ಡು ಕಳಿಸಿ ಎಂಬುದು ಮತ್ತೊಂದು. ಈಗ ಕೃತಕ ಬುದ್ಧಿಮತ್ತೆಯಿಂದ ಮಗನ ದನಿಯನ್ನೇ ನಕಲು ಮಾಡಿ ಅಳಿಸಬಹುದು. ದನಿ ಕೇಳಿ ಗುರುತು ಹಿಡಿಯುತ್ತೇನೆಂಬ ಧೈರ್ಯ ಇನ್ನು ಸಾಲದು. ಕರೆ ಇಟ್ಟು, ಮಗನ ನಂಬರಿಗೆ ನೀವೇ ಫೋನ್ ಮಾಡಿ. ಬ್ಯಾಂಕಿನ ವಿಷಯಕ್ಕೂ ಇದೇ ಕ್ರಮ. ಅವರು ಕೊಟ್ಟ ನಂಬರಿಗೆ ಮಾಡಬೇಡಿ, ಗೂಗಲ್‌ನಲ್ಲಿ ಮೊದಲು ಕಂಡ ‘ಕಸ್ಟಮರ್ ಕೇರ್’ಗೂ ಮಾಡಬೇಡಿ. ಪಾಸ್‌ಬುಕ್ಕಿನಲ್ಲೋ ಎಟಿಎಂ ಕಾರ್ಡಿನ ಬೆನ್ನಿನಲ್ಲೋ ಅಚ್ಚಾಗಿರುವ ನಂಬರಿಗೆ ಮಾಡಿ.

ಆಸೆಯ ದಾರಿ

ದಾವಣಗೆರೆ, ಹರಪನಹಳ್ಳಿ ಕಡೆಯ ಪೊಲೀಸರನ್ನು ಕೇಳಿದರೆ ನಕಲಿ ಬಂಗಾರದ ನಾಣ್ಯದ ಕಥೆಗಳು ಬೇಕಾದಷ್ಟು ಸಿಗುತ್ತವೆ. ‘ಅಣ್ಣಾ, ಮನೆ ಪಾಯ ತೆಗೆಯೋವಾಗ ತಾತನ ಕಾಲದ ಬಂಗಾರದ ನಾಣ್ಯ ಸಿಕ್ಕಾವೆ. ನಾವು ಬಡವರು, ಮಾರೋಕೆ ಹೋದ್ರೆ ಹಿಡ್ಕೊಳ್ತಾರೆ. ನೀವು ನಂಬಿಕಸ್ತರು ಅಂತ ಹೇಳ್ತಿದೀನಿ’ ಎಂದು ದೂರದ ಊರಿನ ಯಾರಿಗೋ ಕರೆ ಬರುತ್ತದೆ. ಹೋದವನ ಕೈಗೆ ಒಂದೋ ಎರಡೋ ನಾಣ್ಯ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುತ್ತಾರೆ. ಅಕ್ಕಸಾಲಿಗ ಒರೆಗೆ ಹಚ್ಚಿ ನೋಡಿ ಅಪ್ಪಟ ಚಿನ್ನ ಎನ್ನುತ್ತಾನೆ. ಅದು ನಿಜಕ್ಕೂ ಚಿನ್ನವೇ. ಲಕ್ಷಗಟ್ಟಲೆ ದುಡ್ಡು ಹೊಂದಿಸಿಕೊಂಡು ಮರಳಿ ಬಂದವನಿಗೆ ಸಿಗುವುದು ಚೀಲ ತುಂಬ ಹಿತ್ತಾಳೆ. ಕೆಲವೊಮ್ಮೆ ಅದೂ ಇಲ್ಲದೆ ಏಟು.

ಇಲ್ಲಿಯ ಚಾಕಚಕ್ಯತೆ ಇರುವುದು ಆ ಮೊದಲ ನಾಣ್ಯದಲ್ಲಿ. ಅನುಮಾನ ಪಡುವವನಿಗೂ ಪರೀಕ್ಷಿಸಲು ಅವಕಾಶ ಕೊಟ್ಟು, ಪರೀಕ್ಷೆಯಲ್ಲಿ ತಾನೇ ಗೆಲ್ಲುವುದು. ಟೆಲಿಗ್ರಾಂನಲ್ಲಿ ‘ಮನೆಯಲ್ಲೇ ಕೂತು ಪಾರ್ಟ್‌ಟೈಂ ಕೆಲಸ’ ಎಂದು ಬರುವ ವಂಚನೆಯಲ್ಲಿ ಈ ಮೊದಲ ನಾಣ್ಯಕ್ಕೆ 150 ರೂಪಾಯಿ ಎಂದು ಹೆಸರು. ವಿಡಿಯೊಗೆ ಲೈಕ್ ಒತ್ತಿದರೆ, ಹೋಟೆಲಿಗೆ ಸ್ಟಾರ್ ಕೊಟ್ಟರೆ ಖಾತೆಗೆ ದುಡ್ಡು ಬಂದೇ ಬರುತ್ತದೆ. ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’. ಸಾವಿರ ಹಾಕಿದರೆ 1,300 ಬರುತ್ತದೆ. ಗುಂಪಿನಲ್ಲಿರುವ ಉಳಿದವರೆಲ್ಲ ತಮಗೆ ಬಂದ ಲಾಭದ ಸ್ಕ್ರೀನ್‌ಶಾಟ್ ಹಾಕುತ್ತಿರುತ್ತಾರೆ. ಆ ಉಳಿದವರೆಲ್ಲ ವಂಚಕನ ಕಡೆಯವರೇ. ಐವತ್ತು ಸಾವಿರ ದಾಟಿದ ಮೇಲೆ ಹಣ ಹಿಂತೆಗೆಯಲು ಹೋದರೆ ‘ತೆರಿಗೆ ಕಟ್ಟಿ’, ‘ಖಾತೆ ಲಾಕ್ ಆಗಿದೆ, ಬಿಡಿಸಲು ಇಷ್ಟು ಕಟ್ಟಿ’. ಕಳೆದುಕೊಂಡದ್ದನ್ನು ಉಳಿಸಿಕೊಳ್ಳಲು ಇನ್ನಷ್ಟು ಕಳೆದುಕೊಳ್ಳುವ ಹಂತವಿದು. ಹಣ ಪಡೆಯಲು ಹಣ ಕಟ್ಟಬೇಕಾದ ಜಾಗದಲ್ಲಿ ನಿಮ್ಮ ಹಣ ಇಲ್ಲವೇ ಇಲ್ಲ.

ಷೇರು ಮಾರುಕಟ್ಟೆಯ ಹೆಸರಿನ ನಕಲಿ ಆ್ಯಪ್‌ಗಳಲ್ಲೂ ಇದೇ ನಡೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಪ್ರೊಫೆಸರ್’ ಒಬ್ಬ ದಿನವೂ ಪಾಠ ಮಾಡುತ್ತಾನೆ. ಆ್ಯಪಿನ ತೆರೆಯ ಮೇಲೆ ನಿಮ್ಮ ಐದು ಲಕ್ಷ ಹದಿನೈದಾಗಿ ಕಾಣುತ್ತದೆ. ಅದು ಯಾವುದೋ ಕೋಣೆಯಲ್ಲಿ ಕೂತವನು ಟೈಪ್ ಮಾಡಿದ ಅಂಕಿ. ಇಲ್ಲಿ ಮೂರನೆಯವರೆಂದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ. ನೋಂದಾಯಿತ ಬ್ರೋಕರುಗಳ, ಸಲಹೆಗಾರರ ಪಟ್ಟಿ ಅದರ ಜಾಲತಾಣದಲ್ಲಿ ಯಾರಿಗೂ ನೋಡಲು ಸಿಗುತ್ತದೆ. ನೋಂದಾಯಿತ ಬ್ರೋಕರಿಗೆ ಕೊಡುವ ಹಣ ಸಂಸ್ಥೆಯ ಖಾತೆಗೆ ಹೋಗುತ್ತದೆಯೇ ಹೊರತು ಯಾರದೋ ಹೆಸರಿನ ಉಳಿತಾಯ ಖಾತೆಗಲ್ಲ. ‘ಈ ವಾರ ಈ ಖಾತೆ, ಮುಂದಿನ ವಾರ ಬೇರೆ ಖಾತೆ’ ಎಂದಾಗಲೇ ಗುಮಾನಿ ಬರಬೇಕು.

ಊರೆಲ್ಲ ನಂಬಿದಾಗ

ಈವರೆಗಿನ ಸೂತ್ರ ಕೈಕೊಡುವ ಜಾಗವೂ ಒಂದಿದೆ. ಹೂಡಿಕೆಯ ಮಹಾವಂಚನೆಗಳಲ್ಲಿ ಗುಟ್ಟು ಮಾಡು ಎಂದು ಯಾರೂ ಹೇಳುವುದಿಲ್ಲ. ಎಲ್ಲರಿಗೂ ಹೇಳು, ಅತ್ತೆಯನ್ನೂ ಸೇರಿಸು, ಅವರಿಗೂ ಲಾಭವಾಗಲಿ ಎನ್ನುತ್ತಾರೆ. ಮೂರನೆಯವರನ್ನು ಕೇಳಿದರೆ ‘ನಾನೂ ಹಾಕಿದ್ದೀನಿ, ತಿಂಗಳು ತಿಂಗಳು ಬರ್ತಿದೆ’ ಎಂಬ ಉತ್ತರ. ಅವರು ಸುಳ್ಳು ಹೇಳುತ್ತಿಲ್ಲ. ಬರುತ್ತಿರುವುದು ನಿಜ. ಎಲ್ಲಿಂದ ಬರುತ್ತಿದೆ ಎಂಬುದು ಅವರಿಗೂ ಗೊತ್ತಿಲ್ಲ.

1920ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪಾಂಜಿ ಎಂಬಾತ 45 ದಿನದಲ್ಲಿ ಶೇ 50ರಷ್ಟು ಲಾಭ ಕೊಡುತ್ತೇನೆಂದು ಜನರ ಹಣ ಎತ್ತಿದ. ದೇಶದೇಶಗಳ ನಡುವಿನ ಅಂಚೆ ಕೂಪನ್ ವ್ಯಾಪಾರದಿಂದ ಲಾಭ ಬರುತ್ತದೆಂಬುದು ಅವನ ವಿವರಣೆ. ನಿಜದಲ್ಲಿ ಹೊಸಬರ ದುಡ್ಡನ್ನೇ ಹಳಬರಿಗೆ ಲಾಭವೆಂದು ಹಂಚುತ್ತಿದ್ದ. ಈ ಲೆಕ್ಕ ನಡೆಯಬೇಕಾದರೆ ಸೇರುವವರ ಸಂಖ್ಯೆ ಏರುತ್ತಲೇ ಇರಬೇಕು. ಏರಿಕೆ ನಿಂತ ದಿನ ಅಂಗಡಿ ಮುಚ್ಚುತ್ತದೆ. ನೂರು ವರ್ಷದ ಬಳಿಕವೂ ಇಂಥ ವಂಚನೆ ಅವನ ಹೆಸರಿನಲ್ಲೇ ಇದೆ.

ಬೆಂಗಳೂರು ಇದನ್ನು ಮತ್ತೆ ಮತ್ತೆ ಕಂಡಿದೆ. 2006ರಲ್ಲಿ ಶುರುವಾಗಿದ್ದ ಐಎಂಎ ಸಮೂಹ 2019ರ ಜೂನ್‌ನಲ್ಲಿ ಕುಸಿಯಿತು. ಸ್ಥಾಪಕ ಮೊಹಮ್ಮದ್ ಮನ್ಸೂರ್ ಖಾನ್ ದುಬೈಗೆ ಹೋದದ್ದು, ಜುಲೈನಲ್ಲಿ ದೆಹಲಿಗೆ ಬಂದಿಳಿದು ಬಂಧನಕ್ಕೊಳಗಾದದ್ದು ಎಲ್ಲರೂ ಓದಿದ ಸುದ್ದಿ. ಬಡ್ಡಿ ನಿಷಿದ್ಧವೆಂದು ನಂಬಿದ ಮುಸ್ಲಿಂ ಕುಟುಂಬಗಳಿಗೆ ಚಿನ್ನದ ವ್ಯಾಪಾರದ ‘ಲಾಭಾಂಶ’ ಎಂಬ ಧರ್ಮಸಮ್ಮತ ರೂಪದಲ್ಲಿ ಹೂಡಿಕೆ ಮುಂದಿಟ್ಟದ್ದು ಅಲ್ಲಿಯ ಕೀಲಿಕೈ. ಮಗಳ ಮದುವೆಗೆ, ಹಜ್ ಯಾತ್ರೆಗೆ ಕೂಡಿಟ್ಟ ಹಣ ಅದರಲ್ಲಿ ಹೋಯಿತು. ಒಂದು ಸಮುದಾಯದ ಒಳಗಿನ ನಂಬಿಕೆಯೇ ಇಂಥ ವಂಚನೆಗೆ ಬಂಡವಾಳ. ಅದು ಯಾವ ಜಾತಿ, ಯಾವ ಧರ್ಮದಲ್ಲೂ ಆಗಬಹುದು, ಆಗಿದೆ. ನಮ್ಮವರು, ನಮ್ಮ ಮಠದವರು, ನಮ್ಮ ಮಸೀದಿಯವರು, ನಮ್ಮ ಆಫೀಸಿನವರು ಎಂಬ ಪರಿಚಯದ ಮುಂದೆ ದಾಖಲೆ ಕೇಳಲು ನಾಚಿಕೆ.

ಅದಕ್ಕೇ ಇಲ್ಲಿ ಕೇಳಬೇಕಾದ ಮೂರನೆಯವರು ವರ್ತುಲದ ಹೊರಗಿನವರಾಗಿರಬೇಕು. ಮೊದಲು ಲೆಕ್ಕವನ್ನೇ ಕೇಳಿ. ತಿಂಗಳಿಗೆ ಶೇ 3 ಅಂದರೆ ವರ್ಷಕ್ಕೆ ಶೇ 36. ಅಷ್ಟು ದುಡಿಯುವ ವ್ಯಾಪಾರವಿದ್ದವನಿಗೆ ಬ್ಯಾಂಕು ಅದರ ಅರ್ಧಕ್ಕಿಂತ ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ. ಅದನ್ನು ಬಿಟ್ಟು ನಿಮ್ಮ ಎರಡು ಲಕ್ಷಕ್ಕೆ ಅವನೇಕೆ ಮನೆ ಬಾಗಿಲಿಗೆ ಬರುತ್ತಾನೆ? ಆಮೇಲೆ ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ಆ ಸಂಸ್ಥೆಗೆ ಠೇವಣಿ ಪಡೆಯುವ ಅನುಮತಿ ಇದೆಯೇ ನೋಡಿ. ಅನುಮತಿಯಿಲ್ಲದೆ ಠೇವಣಿ ಎತ್ತುವುದನ್ನು 2019ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಠೇವಣಿದಾರರ ಹಿತ ಕಾಯಲು ಕರ್ನಾಟಕದಲ್ಲಿ 2004ರದೇ ಕಾಯ್ದೆಯೂ ಇದೆ. ಚೀಟಿ ಹಾಕುವವರು ತಿಳಿದಿರಬೇಕಾದ್ದು 1982ರ ಚಿಟ್ ಫಂಡ್ ಕಾಯ್ದೆ. ನೋಂದಾಯಿತ ಚೀಟಿ ನಡೆಸುವವನು ರಿಜಿಸ್ಟ್ರಾರ್ ಬಳಿ ಭದ್ರತೆ ಇಡಬೇಕು. ಬೀದಿಯ ಆಂಟಿ ನಡೆಸುವ ಚೀಟಿಗೆ ಆಂಟಿಯ ಮಾತೇ ಭದ್ರತೆ. ಅವರು ಪ್ರಾಮಾಣಿಕರೇ ಇರಬಹುದು. ಆದರೆ ಚೀಟಿ ಎತ್ತಿಕೊಂಡು ಕಂತು ನಿಲ್ಲಿಸಿದವರ ಮುಂದೆ ಅವರೂ ನಿಸ್ಸಹಾಯಕರು.

ಬೆರಳ ತುದಿಯ ಅವಸರ

ಯುಪಿಐ ವಂಚನೆಗಳಿಗೆ ಭಯ, ಆಸೆ ಎರಡೂ ಅಷ್ಟಾಗಿ ಬೇಡ, ಗಡಿಬಿಡಿ ಸಾಕು. ಹಳೆಯ ಸೋಫಾ ಮಾರಲು ಜಾಹೀರಾತು ಹಾಕಿದಿರಿ. ಅರ್ಧ ಗಂಟೆಯಲ್ಲಿ ‘ಸೇನೆಯವರು’ ಫೋನ್ ಮಾಡಿದರು. ಚೌಕಾಸಿಯೇ ಇಲ್ಲ. ಸಮವಸ್ತ್ರದ ಫೋಟೊ, ಕ್ಯಾಂಟೀನ್ ಕಾರ್ಡು ಎಲ್ಲ ಬಂತು. ‘ದುಡ್ಡು ಕಳಿಸ್ತಿದೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಖಾತೆಗೆ ಬರುತ್ತೆ.’ ಪಿನ್ ಒತ್ತಿದೊಡನೆ ನಿಮ್ಮ ಖಾತೆಯ ಹಣ ಅವರ ಖಾತೆಗೆ. ಯುಪಿಐಯಲ್ಲಿ ಪಿನ್ ಬೇಕಾಗುವುದು ಹಣ ಹೋಗುವಾಗ ಮತ್ತು ಬ್ಯಾಲೆನ್ಸ್ ನೋಡುವಾಗ. ಬರುವ ಹಣಕ್ಕೆ ಪಿನ್ ಇಲ್ಲ, ಸ್ಕ್ಯಾನ್ ಇಲ್ಲ, ಒಟಿಪಿಯೂ ಇಲ್ಲ. ‘ಹಣ ಕೊಡಿ’ ಎಂದು ಒಬ್ಬರು ಇನ್ನೊಬ್ಬರಿಗೆ ಕಳಿಸುವ ಕಲೆಕ್ಟ್ ಕೋರಿಕೆ ವಂಚನೆಗೆ ದಾರಿಯಾಗಿದ್ದರಿಂದ ರಾಷ್ಟ್ರೀಯ ಪಾವತಿ ನಿಗಮ 2025ರ ಅಕ್ಟೋಬರ್ 1ರಿಂದ ವ್ಯಕ್ತಿಗಳ ನಡುವೆ ಅದನ್ನು ನಿಲ್ಲಿಸಿತು.

ವ್ಯಾಪಾರಿಗಳ ಪಾಡು ಇದಕ್ಕೆ ತದ್ವಿರುದ್ಧ. ಗಿರಾಕಿ ತೋರಿಸುವ ಹಸಿರು ಟಿಕ್ ಮಾರ್ಕು ನಕಲಿ ಆ್ಯಪಿನದಿರಬಹುದು. ರಾತ್ರಿ ಯಾರೋ ಬಂದು ನಿಮ್ಮ ಕ್ಯೂಆರ್ ಮೇಲೆ ತಮ್ಮದನ್ನು ಅಂಟಿಸಿ ಹೋಗಿರಬಹುದು. ಗಿರಾಕಿಯ ಫೋನು ನೋಡಬೇಡಿ, ನಿಮ್ಮ ಸೌಂಡ್‌ಬಾಕ್ಸ್ ಕೂಗಲಿ, ನಿಮ್ಮ ಖಾತೆ ಹೇಳಲಿ.

ಇನ್ನೊಂದು ಹಾವಳಿ ಎಪಿಕೆ ಕಡತಗಳದು. ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಪಟ್ಟಿ ಎಂಬ ಹೆಸರಿನಲ್ಲಿ ಬರುತ್ತವೆ. ತೆರೆದರೆ ಆ್ಯಪ್ ಇನ್‌ಸ್ಟಾಲ್ ಆಗಿ ನಿಮ್ಮ ಎಸ್ಎಂಎಸ್ ಓದಲು ಶುರು ಮಾಡುತ್ತದೆ. ಒಟಿಪಿಯನ್ನು ನೀವು ಯಾರಿಗೂ ಹೇಳದಿದ್ದರೂ ಅದೇ ಹೇಳುತ್ತದೆ. ಅಷ್ಟೇ ಅಲ್ಲ, ನಿಮ್ಮ ನಂಬರಿನಿಂದ ನಿಮ್ಮ ನೆಂಟರಿಗೆಲ್ಲ ಅದೇ ಕರೆಯೋಲೆ ಹೋಗುತ್ತದೆ. ಪರಿಚಿತರ ನಂಬರಿನಿಂದ ಬಂದಿದೆ ಎಂಬ ಭರವಸೆ ಇಲ್ಲಿ ನಿಲ್ಲುವುದಿಲ್ಲ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರಬೇಕು. ಹೆಸರಿನ ಕೊನೆಗೆ ಎಪಿಕೆ ಎಂದಿದ್ದರೆ ಮುಟ್ಟಬೇಡಿ. ದುರಸ್ತಿ ಮಾಡಿಕೊಡುತ್ತೇವೆಂದು ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸುವವರೂ ಇದೇ ಗುಂಪಿನವರು.

ಕೆಲವು ಮೋಸಗಳಿಗೆ ನಿಮ್ಮ ಒಪ್ಪಿಗೆಯೂ ಬೇಕಿಲ್ಲ. 2023ರಲ್ಲಿ ನಮ್ಮ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಕ್ರಯಪತ್ರಗಳಿಂದ ಬೆರಳಚ್ಚು, ಆಧಾರ್ ಸಂಖ್ಯೆ ಎತ್ತಿಕೊಂಡು, ಬೆರಳಿನ ಅಚ್ಚು ತಯಾರಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಹೊರಬಂದವು. ಮನೆ ನೋಂದಣಿ ಮಾಡಿಸಿದ್ದೇ ಅವರ ತಪ್ಪು. ಇದಕ್ಕೆ ಮದ್ದು ಆಧಾರ್ ಆ್ಯಪಿನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿಡುವುದು. ಪಡಿತರಕ್ಕೋ ಸಿಮ್‌ಗೋ ಹೆಬ್ಬೆಟ್ಟು ಕೊಡಬೇಕಾದಾಗ ತೆರೆದು ಮತ್ತೆ ಮುಚ್ಚಬಹುದು. ಇಂಥ ಪ್ರಕರಣಗಳಿಗೆ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಆಸರೆಯಾಗಿದೆ. ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹಣ ಹೋಗಿದ್ದು, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆ ಇಲ್ಲ ಎಂದು ಅದು ಹೇಳಿದೆ. ಪಿನ್, ಒಟಿಪಿಯನ್ನು ನಾವೇ ಕೊಟ್ಟಿದ್ದರೆ ತಿಳಿಸುವ ತನಕದ ನಷ್ಟ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಹೇಗೆ ನೋಡಿದರೂ ಬೇಗ ಹೇಳಿದವರಿಗೇ ಅನುಕೂಲ.

ಮುದ್ರೆಯೂ ಮೂರನೆಯವರೇ

ಫೋನಿನಾಚೆಗಿನ ದಿನನಿತ್ಯದ ವ್ಯಾಪಾರದಲ್ಲಿ ಈ ಮೂರನೆಯವರ ಕೆಲಸವನ್ನು ಸರ್ಕಾರ ಮುದ್ರೆಗಳಿಗೆ ಒಪ್ಪಿಸಿದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಕಡ್ಡಾಯ. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಅದನ್ನು ಹಾಕಿದರೆ ಒಡವೆಯ ಶುದ್ಧತೆ, ಪರೀಕ್ಷಿಸಿದ ಕೇಂದ್ರ ಎಲ್ಲ ತೋರಿಸುತ್ತದೆ. ಪೆಟ್ರೋಲ್ ಬಂಕಿನಲ್ಲಿ ಅಳತೆಯ ಬಗ್ಗೆ ಅನುಮಾನ ಬಂದರೆ ಮುದ್ರೆ ಒತ್ತಿದ ಐದು ಲೀಟರಿನ ಮಾಪಕದಲ್ಲಿ ಹಾಕಿ ತೋರಿಸಿ ಎಂದು ಕೇಳುವ ಹಕ್ಕಿದೆ. ತಕ್ಕಡಿ, ಬಟ್ಟುಗಳ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಬೇಕು. ಮನೆ ಬಾಗಿಲಿಗೆ ಬಂದು ಒಡವೆ ಪಾಲಿಶ್ ಮಾಡಿಕೊಡುತ್ತೇವೆ ಎನ್ನುವವರಿಗೆ ಮಾತ್ರ ಯಾವ ಮುದ್ರೆಯೂ ಇಲ್ಲ. ಅವರ ಬಟ್ಟಲಿನ ಆಮ್ಲದಲ್ಲಿ ಒಡವೆಯ ಚಿನ್ನ ಒಂದಿಷ್ಟು ಕರಗಿ ಉಳಿಯುತ್ತದೆ, ನಿಮಗೆ ವಾಪಸ್ ಬರುವುದು ತೂಕ ಕಳೆದುಕೊಂಡ ಹೊಳಪು.

ಕೈ ಜಾರಿದ ಮೇಲೆ

ಮೋಸ ಹೋದದ್ದು ಗೊತ್ತಾದ ಕೂಡಲೇ ಕರೆ ಮಾಡಬೇಕಾದ ಸಂಖ್ಯೆ 1930. ಇದು ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಹಾಯವಾಣಿ. ಏಕೆ ಕೂಡಲೇ ಎಂದರೆ, ನಿಮ್ಮ ಹಣ ಮೊದಲು ಹೋಗುವುದು ಬಾಡಿಗೆಗೆ ಪಡೆದ ಯಾರದೋ ಖಾತೆಗೆ. ಅಲ್ಲಿಂದ ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಹರಿದು, ಕೊನೆಗೆ ಎಟಿಎಂನಿಂದಲೋ ಕ್ರಿಪ್ಟೊ ಆಗಿಯೋ ಹೊರಬೀಳುತ್ತದೆ. ಅದು ಬ್ಯಾಂಕುಗಳೊಳಗೆ ಇರುವಷ್ಟು ಹೊತ್ತು ತಡೆಹಿಡಿಯಬಹುದು. ಕರೆ ಮಾಡುವಾಗ ವಹಿವಾಟಿನ ಯುಟಿಆರ್ ಸಂಖ್ಯೆ, ಸಮಯ, ಮೊತ್ತ, ಹಣ ಹೋದ ಖಾತೆ ಅಥವಾ ಯುಪಿಐ ಐಡಿ ಕೈಯಲ್ಲಿರಲಿ. ನಿಮ್ಮ ಬ್ಯಾಂಕಿಗೂ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಸಂದೇಶ, ಸ್ಕ್ರೀನ್‌ಶಾಟ್ ಅಳಿಸಬೇಡಿ. ಹಣ ಇನ್ನೂ ಹೋಗಿಲ್ಲ, ಕರೆಯಷ್ಟೇ ಬಂದಿದೆ ಎಂದಾದರೆ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ಯಲ್ಲಿರುವ ‘ಚಕ್ಷು’ ವಿಭಾಗಕ್ಕೆ ಆ ನಂಬರ್ ಕೊಡಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನೂ ಅಲ್ಲೇ ನೋಡಬಹುದು. ಕೆಲವು ದಿನದ ಮೇಲೆ ‘ಕಳೆದ ಹಣ ವಾಪಸ್ ಕೊಡಿಸ್ತೀವಿ, ಸ್ವಲ್ಪ ಫೀಸು’ ಎಂಬ ಕರೆ ಬಂದರೆ, ಅದು ಅದೇ ವಂಚಕರ ಎರಡನೇ ಸುತ್ತು.

ಮನೆಯಲ್ಲಿ ಕಾಲೇಜು ಮಕ್ಕಳಿದ್ದರೆ ಅವರಿಗೆ ಹೇಳಬೇಕಾದ ಮಾತೊಂದಿದೆ. ಐದೋ ಹತ್ತೋ ಸಾವಿರಕ್ಕೆ ಬ್ಯಾಂಕ್ ಖಾತೆ, ಸಿಮ್ ಕೊಡು ಎಂದು ಸ್ನೇಹಿತನ ಸ್ನೇಹಿತ ಕೇಳುತ್ತಾನೆ. ಕೊಟ್ಟವನ ಖಾತೆಯೇ ಆ ಮೊದಲ ನಿಲ್ದಾಣ, ಪೊಲೀಸರು ಮೊದಲು ಬರುವುದೂ ಅವನ ಮನೆಗೇ. ವಿದೇಶದಲ್ಲಿ ಡೇಟಾ ಎಂಟ್ರಿ ಕೆಲಸ ಎಂದು ಹೋಗಿ ಮ್ಯಾನ್ಮಾರ್, ಕಾಂಬೋಡಿಯಾಗಳ ವಂಚನಾ ಕೇಂದ್ರಗಳಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ಕನ್ನಡಿಗರೂ ಇದ್ದಾರೆ. ಪಾಸ್‌ಪೋರ್ಟ್ ಕಿತ್ತುಕೊಂಡು, ಹೊಡೆದು, ಜನರಿಗೆ ಟೋಪಿ ಹಾಕುವ ಕೆಲಸಕ್ಕೆ ಅವರನ್ನು ಕೂರಿಸುತ್ತಾರೆ. ಕೆಲಸ ಕೊಡಿಸುವ ಏಜೆಂಟ್ ವಿದೇಶಾಂಗ ಇಲಾಖೆಯಲ್ಲಿ ನೋಂದಾಯಿತನೇ ಎಂದು ‘ಇ-ಮೈಗ್ರೇಟ್’ ತಾಣದಲ್ಲಿ ನೋಡದೆ ವಿಮಾನ ಹತ್ತಬಾರದು.

ಇಷ್ಟೆಲ್ಲ ಗೊತ್ತಿದ್ದೂ 1930ಕ್ಕೆ ಕರೆ ಹೋಗುವುದು ತಡವಾಗುತ್ತದೆ. ಕಾರಣ ಅಜ್ಞಾನಕ್ಕಿಂತ ಹೆಚ್ಚಾಗಿ ನಾಚಿಕೆ. ‘ಯಾರಿಗೂ ಹೇಳಬೇಡ’ ಎಂದು ವಂಚಕ ಹೇಳಿದ್ದು ಹಣ ಹೋಗುವ ತನಕ. ಹಣ ಹೋದ ಮೇಲೆ ಅದೇ ಮಾತನ್ನು ನಮ್ಮ ಮನಸ್ಸು ಹೇಳುತ್ತದೆ. ‘ಅಷ್ಟೂ ಗೊತ್ತಾಗಲಿಲ್ವಾ ನಿಮಗೆ?’ ಎಂಬ ಪ್ರಶ್ನೆಗೆ ಹೆದರಿ ಅಪ್ಪ ಮಗನಿಗೆ ಹೇಳುವುದಿಲ್ಲ, ಹೆಂಡತಿ ಗಂಡನಿಗೆ ಹೇಳುವುದಿಲ್ಲ, ಮಗಳು ಅಮ್ಮನಿಗೆ ಹೇಳುವುದಿಲ್ಲ. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯ ವೃದ್ಧ ದಂಪತಿ ಇಂಥ ವಂಚಕರ ಕಿರುಕುಳ ತಾಳದೆ ಪ್ರಾಣವನ್ನೇ ಬಿಟ್ಟರು. ಹಣಕ್ಕಿಂತ ದೊಡ್ಡದನ್ನು ಈ ಮೌನ ನುಂಗುತ್ತದೆ.

ಹಾಗಾಗಿ ಎಚ್ಚರಿಕೆಯ ಮಾತುಗಳನ್ನು ವಾಟ್ಸ್ಆ್ಯಪ್‌ನಲ್ಲಿ ಅಪ್ಪ ಅಮ್ಮನಿಗೆ ಫಾರ್ವರ್ಡ್ ಮಾಡಿ ಕೈತೊಳೆದುಕೊಳ್ಳುವ ಬದಲು, ಈ ಭಾನುವಾರ ಪಕ್ಕದಲ್ಲಿ ಕೂತು ಎರಡು ಮಾತು ಹೇಳಿ. ‘ದುಡ್ಡಿನ ವಿಷಯದ ಫೋನು ಯಾವುದೇ ಬರಲಿ, ಕಟ್ ಮಾಡಿ ನನಗೆ ಮಾಡಿ, ನಾನು ಮೀಟಿಂಗಿನಲ್ಲಿದ್ದರೂ ಎತ್ತುತ್ತೇನೆ’ ಎಂಬುದು ಒಂದು. ‘ಒಂದು ವೇಳೆ ಹೋಗಿಯೇಬಿಟ್ಟರೂ ನಾನು ಬೈಯುವುದಿಲ್ಲ’ ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳುವುದು ಸುಲಭ. ಎರಡನೆಯದನ್ನು ಹೇಳಿ, ಹೇಳಿದಂತೆ ನಡೆದುಕೊಂಡರೆ ಮಾತ್ರ ಮೊದಲನೆಯದಕ್ಕೆ ಬೆಲೆ ಬರುತ್ತದೆ. ಬೈಗುಳಕ್ಕೆ ಹೆದರುವವರು ಯಾರಿಗೂ ಫೋನ್ ಮಾಡುವುದಿಲ್ಲ, ವಂಚಕ ಎಣಿಸಿಕೊಂಡಿರುವುದೂ ಅದನ್ನೇ.